ನಡುಹಾಳೆಯ ಕುಂಕುಮ

"ಈ ಬಾಗ್ಲಿಗೆ ಒಳಗಡೆಯಿಂದ ಹಿಡಿನೇ ಇಲ್ಲ, ದೊಡ್ಡಮ್ಮ" ಅಂದಳು ಗಗನ.

ನಾನು ಹೊಳಲಿನಲ್ಲಿ ಅವಳ ಮನೆಯ ಜಗುಲಿಯ ಮೇಲೆ ಕೂತಿದ್ದೆ. ಕೈಯಲ್ಲಿದ್ದ ಕಾಫಿ ಆರಿಹೋಗಿತ್ತು. ಫೋನನ್ನು ಕಿವಿಗೆ ಒತ್ತಿಕೊಂಡು, ಅಲ್ಲಿ ಇನ್ನೇನಿದೆ ಹೇಳು ಎಂದೆ. ಎರಡು ಬೆಂಚು, ಒಂದು ನೀರಿನ ಯಂತ್ರ, ಆರದೆ ಉರಿಯುವ ಟ್ಯೂಬ್‌ಲೈಟು, ಅಷ್ಟೇ ಅಂದಳು. ಹೊರಗೆ ಹಗಲೋ ರಾತ್ರಿಯೋ ಗೊತ್ತಾಗುವುದಿಲ್ಲವಂತೆ. ಫೋನನ್ನು ಆಗಾಗ ಸ್ವಲ್ಪ ಹೊತ್ತು ಕೊಟ್ಟು ಮತ್ತೆ ಕಿತ್ತುಕೊಳ್ಳುತ್ತಾರಂತೆ.

ಮೊನ್ನೆಯಿಂದ ಆ ಹುಡುಗಿ ಕೊಲ್ಲಿ ದೇಶವೊಂದರ ವಿಮಾನ ನಿಲ್ದಾಣದಲ್ಲಿ ಹೀಗೆ ಕೂತಿದ್ದಾಳೆ. ತಮಾಷೆಯೆಂದರೆ ಅವಳು ಹೊರಟಿದ್ದು ಆ ದೇಶಕ್ಕೇ ಅಲ್ಲ. ಅದರಾಚೆಯ ಇನ್ನೊಂದು ದೇಶದ ಆಸ್ಪತ್ರೆಯಲ್ಲಿ ಅವಳಿಗೆ ನರ್ಸ್ ಕೆಲಸ ಸಿಕ್ಕಿತ್ತು. ಇಲ್ಲಿ ಬರೀ ವಿಮಾನ ಬದಲಿಸಬೇಕಿತ್ತು. ಬೆಂಗಳೂರಿನ ವಿಮಾನ ತಡವಾಗಿ ಮುಂದಿನದು ತಪ್ಪಿಹೋಯಿತು. ವಿಮಾನ ಕಂಪನಿಯವರು ವಿಮಾನ ತಪ್ಪಿದವರಿಗೆಲ್ಲ ಹೋಟೆಲು ಕೊಟ್ಟರು. ಹೋಟೆಲಿಗೆ ಹೋಗಬೇಕಾದರೆ ನಿಲ್ದಾಣದಿಂದ ಹೊರಗೆ ಕಾಲಿಡಬೇಕು, ಕಾಲಿಡಬೇಕಾದರೆ ಆ ದೇಶದ ಅಧಿಕಾರಿಗಳಿಗೆ ಪಾಸ್‌ಪೋರ್ಟು ತೋರಿಸಬೇಕು. ಜೊತೆಯವರೆಲ್ಲ ತೋರಿಸಿ ಹೋದರು. ಇವಳನ್ನು ಪಕ್ಕಕ್ಕೆ ನಿಲ್ಲಿಸಿದರು.

ಕಾರಣ, ಪಾಸ್‌ಪೋರ್ಟಿನ ಒಂದು ಹಾಳೆಗೆ ಯಾರೋ ಅರಿಶಿನ ಕುಂಕುಮ ಬಳಿದಿದ್ದರು. ಬೆಂಗಳೂರಿನಲ್ಲೇ ಅಧಿಕಾರಿಯೊಬ್ಬ ಅದನ್ನು ನೋಡಿ, ಇದು ಪಾಸ್‌ಪೋರ್ಟೋ ಪಂಚಾಂಗವೋ ಎಂದು ಬೈದು ಕಳಿಸಿದ್ದನಂತೆ. ಪಾಸ್‌ಪೋರ್ಟಿಗೆ ಕಲೆಯಾದರೆ ಅದು ಕೆಟ್ಟ ಪಾಸ್‌ಪೋರ್ಟು. ಅದನ್ನು ಹಿಡಿದು ಬಂದವರನ್ನು ಯಾವ ದೇಶವೂ ಒಳಗೆ ಬಿಟ್ಟುಕೊಳ್ಳಬೇಕೆಂದಿಲ್ಲ. ನಮ್ಮ ಕಡೆಯ ಜನಕ್ಕೆ ಇದು ಗೊತ್ತಿಲ್ಲ. ಹೊಸ ಟ್ರ್ಯಾಕ್ಟರಿಗೆ ಹಚ್ಚಿದ ಹಾಗೆ ಪಾಸ್‌ಪೋರ್ಟಿಗೂ ಹಚ್ಚಿಬಿಡುತ್ತಾರೆ.

ಅದೊಂದೇ ಆಗಿದ್ದರೆ ಹುಡುಗಿಯನ್ನು ವಾಪಸು ವಿಮಾನ ಹತ್ತಿಸಿ ಕೈತೊಳೆದುಕೊಳ್ಳುತ್ತಿದ್ದರು. ಎರಡು ದಿನ ಕೂರಿಸಿಕೊಂಡಿದ್ದು ಯಾಕೆ ಎಂಬುದೇ ನನ್ನ ತಲೆಯೊಳಗೆ ಕೊರೆಯುತ್ತಿತ್ತು.

"ಅವರು ನಿನ್ನ ಬುಕ್ಕಲ್ಲಿ ಏನು ನೋಡ್ತಾರೆ ಮಗ?" ಎಂದು ಕೇಳಿದೆ.

"ಬುಕ್ ನೋಡೋದೇ ಇಲ್ಲ ದೊಡ್ಡಮ್ಮ. ಕಂಪ್ಯೂಟರ್ ನೋಡ್ತಾರೆ, ನನ್ ಮೊಕ ನೋಡ್ತಾರೆ, ತಿರ್ಗ ಕಂಪ್ಯೂಟರ್ ನೋಡ್ತಾರೆ. ನಂಗೇನೂ ಹೇಳಲ್ಲ. ಇವತ್ತು ಸಾಯಂಕಾಲ ತೀರ್ಮಾನ ಮಾಡ್ತೀವಿ ಅಂದವ್ರೆ. ಪೊಲೀಸ್ಗೆ ಕೊಡ್ತಾರೇನೋ."

ಕಲೆ ಇರುವುದು ಹಾಳೆಯಲ್ಲಿ. ಅವರು ನೋಡುತ್ತಿರುವುದು ಕಂಪ್ಯೂಟರನ್ನು. ನನಗೆ ಎಲ್ಲೋ ಇರುವೆ ಕಚ್ಚಿದ ಹಾಗಾಯಿತು.

ಬೆಂಗಳೂರಿನಲ್ಲಿ ಬೈಸಿಕೊಂಡಾಗ ಆ ಹಾಳೆಯ ಫೋಟೋ ತೆಗೆದಿದ್ದೆ ಅಂದಳು. ನನಗೆ ಈಗಲೇ ಕಳಿಸು ಎಂದೆ. ಕಳಿಸಿದಳು. ಮುಂದಿನ ಮಾತಿಗೆ ಮೊದಲೇ ಯಾರೋ ಗದರಿದ್ದು ಕೇಳಿಸಿತು, ಫೋನು ಸತ್ತಿತು.

ನನ್ನ ಹೆಸರು ಮಲ್ಲಿಗಮ್ಮ. ಪೊಲೀಸ್ ಇಲಾಖೆಯಲ್ಲಿ ಎಎಸ್‌ಐ ಆಗಿ ನಿವೃತ್ತಳಾದೆ. ಪಾಸ್‌ಪೋರ್ಟಿಗೆ ಅರ್ಜಿ ಹಾಕಿದವರ ಮನೆ ಹುಡುಕಿಕೊಂಡು ಹೋಗಿ, ಇವರು ಇವರೇ ಹೌದೇ ಎಂದು ವಿಚಾರಿಸುವ ಕೆಲಸವನ್ನು ಬಹಳ ಕಾಲ ಮಾಡಿದವಳು. ಗಗನಳ ತಾಯಿಯೂ ನಾನೂ ಬಂಡೂರಿನ ಒಂದೇ ಬೀದಿಯವರು, ಒಟ್ಟಿಗೆ ಬೆಳೆದವರು. ಅವಳೂ ಅವಳ ಗಂಡನೂ ಒಂದೇ ದಿನ ರಸ್ತೆ ಅಪಘಾತದಲ್ಲಿ ಹೋದ ಮೇಲೆ ಗಗನಳನ್ನೂ ಅವಳ ಅಣ್ಣ ರಘುನಂದನನನ್ನೂ ಸಾಕಿದ್ದು ಅಜ್ಜಿ ಸಣ್ಣತಾಯಮ್ಮ. ಹಾಗಾಗಿ ಈ ಕೇಸನ್ನು ನನಗೆ ಯಾರೂ ಒಪ್ಪಿಸಿಲ್ಲ. ನಾನೇ ಮೈಮೇಲೆ ಹಾಕಿಕೊಂಡಿದ್ದು.

ರಘು ಎದುರಿಗೇ ನಿಂತಿದ್ದ. ಮಂಡ್ಯದ ಟ್ರ್ಯಾಕ್ಟರ್ ಶೋರೂಮಿನಲ್ಲಿ ಕೆಲಸ. ತಂಗಿಯೆಂದರೆ ಪ್ರಾಣ ಎಂದು ಊರಿಗೆಲ್ಲ ಗೊತ್ತು. ಎರಡು ದಿನದಿಂದ ಕಣ್ಣು ಮುಚ್ಚಿಲ್ಲವೆಂದು ಮುಖ ಹೇಳುತ್ತಿತ್ತು. ತಲೆಗೆ ಒಂದು ಕರಿ ಟೋಪಿ ಹಾಕಿದ್ದ. ಅವನ ಚಿಕ್ಕತಾತ ನಿಂಗಯ್ಯ ಈಚೆಗೆ ತೀರಿಕೊಂಡಿದ್ದರು. ಅವರಿಗೆ ಮಕ್ಕಳಿಲ್ಲದ್ದರಿಂದ ಕರ್ಮವೆಲ್ಲ ಇವನದೇ. ಮೊನ್ನೆ ತಿಥಿಯಲ್ಲಿ ತಲೆ ಬೋಳಿಸಿಕೊಂಡಿದ್ದ.

"ಅಜ್ಜಿ ಪೂಜೆ ಗೀಜೆ ಅಂತ ಹಚ್ಚಿರ್ಬೇಕು ದೊಡ್ಡಮ್ಮ" ಅಂದ ಅವನು. "ಅದ್ನೇ ಎಲ್ಲಾರ್ಗೂ ಹೇಳಿವ್ನಿ. ವಯಸ್ಸಾದೋರು, ಏನ್ ಮಾಡಕ್ಕಾಗುತ್ತೆ."

ಊರೂ ಅದನ್ನೇ ಹೇಳುತ್ತಿತ್ತು. ಬೆಳಿಗ್ಗೆಯಿಂದ ಬಂದು ಹೋದ ಹೆಂಗಸರೆಲ್ಲ ಜಗುಲಿ ಇಳಿಯುವಾಗ, ಮುದುಕಿಯ ಭಕ್ತಿ ಮೊಮ್ಮಗಳ ಕಾಲಿಗೆ ಸುತ್ತಿಕೊಂಡಿತು ಎಂದು ಹೇಳಿಯೇ ಇಳಿದಿದ್ದರು. ನಮ್ಮ ಜನಕ್ಕೆ ಸಮಾಧಾನ ಹೇಳಲು ಬಾರದಿದ್ದರೂ ತಪ್ಪು ಯಾರದೆಂದು ಹೇಳಲು ಚೆನ್ನಾಗಿ ಬರುತ್ತದೆ.

ನಾನು ಫೋಟೋವನ್ನು ಬೆರಳಲ್ಲಿ ಹಿಗ್ಗಿಸಿ ನೋಡಿದೆ.

ಪಾಸ್‌ಪೋರ್ಟಿನ ಹಾಳೆಗಳಲ್ಲಿ ಸಣ್ಣ ಸಣ್ಣ ಗೆರೆಗಳ ಚಿತ್ತಾರ ಅಚ್ಚಾಗಿರುತ್ತದೆ, ಸೀರೆಯ ಒಡಲಿನ ಹಾಗೆ. ಈ ಹಾಳೆಯಲ್ಲಿ ಕುಂಕುಮದ ಅಂಚಿನಿಂದಾಚೆಗೂ ಆ ಗೆರೆಗಳು ಅಳಿಸಿಹೋಗಿದ್ದವು. ಕುಂಕುಮ ಮೆತ್ತಿದರೆ ಗೆರೆ ಮುಚ್ಚುತ್ತದೆ, ಅಳಿಸುವುದಿಲ್ಲ. ಒಂದು ಕಡೆ ಮಾತ್ರ ನೀಲಿ ಬಣ್ಣದ ಬಾಗಿದ ಗೆರೆಯೊಂದು, ಯಾವುದೋ ಮುದ್ರೆಯ ಅಂಚಿನ ಹಾಗೆ, ಉಗುರಿನಷ್ಟು ಉಳಿದಿತ್ತು.

ಇನ್ನೊಂದು ಮಾತು. ಪುಸ್ತಕಕ್ಕೆ ಪೂಜೆ ಮಾಡುವವರು ರಟ್ಟಿಗೋ ಮೊದಲ ಹಾಳೆಯ ಮೂಲೆಗೋ ಹಚ್ಚುತ್ತಾರೆ. ಇದು ಬರೀ ಖಾಲಿ ಹಾಳೆಗಳ ನಡುವಿನ ಒಂದು ಹಾಳೆ, ಅದರ ನಟ್ಟನಡುವೆ ಅಂಗೈಯಗಲ ಕುಂಕುಮ. ಯಾವ ದೇವರು ಪಾಸ್‌ಪೋರ್ಟಿನ ಹೊಟ್ಟೆಯೊಳಗೆ ಹೋಗಿ ಕೂರುತ್ತಾನೆ?

ನಾನೆದ್ದು ಅಡುಗೆಮನೆಗೆ ಹೋದೆ.

ಸಣ್ಣತಾಯಮ್ಮ ಒಲೆಯ ಪಕ್ಕ ಗೋಡೆಗೆ ಒರಗಿ ಕೂತಿದ್ದರು. ಮುಂದೆ ಯಾರೋ ತಟ್ಟೆಯಲ್ಲಿ ಮುದ್ದೆ ಇಟ್ಟು ಹೋಗಿದ್ದರು. ಅದರ ಮೇಲೆ ಚರ್ಮ ಕಟ್ಟಿತ್ತು. ನಾನು ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಸುತ್ತಿ ಬಳಸದೆ, ಆ ಬುಕ್ಕಿಗೆ ಕುಂಕುಮ ಹಚ್ಚಿದ್ದು ನೀವಾ ಅವ್ವ ಎಂದು ಕೇಳಿದೆ.

"ತೆಪ್ಪು ನಂದೇ ಕಣವ್ವ" ಅಂದರು. "ನಾನು ಮುಟ್ಬಾರ್ದಾಗಿತ್ತು."

"ಹಚ್ಚಿದ್ರೋ, ಮುಟ್ಟಿದ್ರೋ?"

ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಮುಟ್ದೆ. ಮೈದ ಸತ್ತು ಮೈಲ್ಗೇಲಿದ್ವಿ. ಅಂತಾದ್ರಲ್ಲಿ ಆ ಮಗ ಒಂಟೋಯ್ತದಲ್ಲಾ ಅಂತ ಮನ್ಸು ತಡೀನಿಲ್ಲ. ಬ್ಯಾಗಿಂದ ಆ ಬುಕ್ಕ ತಗ್ದು ಕಣ್ಗೊತ್ಕೊಂಡು ಮಡಗ್ಬುಟ್ಟೆ. ಮೈಲ್ಗೆ ಕೈಲಿ ಮುಟ್ದೆ ನೋಡು, ಅದ್ಕೇ ಇಂಗಾಯ್ತು."

"ಕುಂಕುಮ?"

"ಮೈಲ್ಗೇಲಿ ಕುಂಕುಮ ಯಾರ್ ಮುಟ್ಟಾರವ್ವ? ದೇವ್ರ ಗೂಡಿಗೆ ಬಟ್ಟೆ ಇಳೇ ಬುಟ್ಟಿದ್ವಿ. ಒಂದು ದೀಪ ಅಚ್ಚಿ ಕಳ್ಸಕ್ಕಾಗ್ನಿಲ್ಲ ಆ ಮಗೀನ. ಬುಕ್ಕು ನಮ್ಮನೆಗೆ ಬಂದದ್ದೂ ಮೈಲ್ಗೇಲೇ, ಒಂಟೋದದ್ದೂ ಮೈಲ್ಗೇಲೇ."

ಆ ಮುದುಕಿ ಮಾಡದ ತಪ್ಪನ್ನು ತಲೆಯ ಮೇಲೆ ಹೊತ್ತು, ಯಾರು ಏನಂದರೂ ಬಾಯಿ ಬಿಡದೆ ಕೂತಿದ್ದರು. ಕುಂಕುಮ ಹಚ್ಚಿದ್ದಕ್ಕೆ ಊರು ಬೈಯುತ್ತಿತ್ತು. ಕಣ್ಣಿಗೊತ್ತಿಕೊಂಡದ್ದಕ್ಕೆ ಅವರು ತಮ್ಮನ್ನೇ ಬೈದುಕೊಳ್ಳುತ್ತಿದ್ದರು. ಎರಡೂ ಒಂದೇ ಎಂದು ಅವರಿಗೆ ತೋರಿತ್ತು.

"ನನ್ ಬೆಲ್ಲದಚ್ಚು ಅಲ್ಲಿ ಏನ್ ಉಣ್ತದೋ" ಎಂದು ಗೊಣಗಿದರು. ಆಮೇಲೆ ಏನೋ ಆಡಬಾರದ್ದು ಆಡಿದವರಂತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮೊಮ್ಮಗಳನ್ನು ಹಾಗೆ ಕರೆಯುವುದು ಮನೆಯೊಳಗೆ ಮಾತ್ರವಂತೆ. ಹೊರಗಿನವರ ಮುಂದೆ ಕರೆದರೆ ದೃಷ್ಟಿಯಾಗುತ್ತದೆಂದು ಹುಟ್ಟಿದಾಗಿನಿಂದ ನೆಂಟರ ಮುಂದೆಯೂ ಆ ಹೆಸರು ಎತ್ತಿಲ್ಲ. ನನಗೂ ಅದು ಅವತ್ತೇ ಗೊತ್ತಾಗಿದ್ದು.

ನಾನು ಅವರ ಕೈ ಹಿಡಿದುಕೊಂಡೆ. "ಇದು ಈ ಮನೆಯೋರ ಕೈಯಿಂದ ಆದದ್ದಲ್ಲ ಅವ್ವ. ನನ್ನ ಮಾತು ನಂಬಿ, ಊಟ ಮಾಡಿ" ಎಂದೆ. ಆ ಮಾತನ್ನು ಅಷ್ಟು ಗಟ್ಟಿಯಾಗಿ ಹೇಳಿದ್ದು ನೆನೆದರೆ ಈಗಲೂ ನನ್ನ ನಾಲಿಗೆ ಕಹಿಯಾಗುತ್ತದೆ.

ಹೊರಗೆ ಬಂದು ರಘುವಿಗೆ ಗಾಡಿ ತೆಗಿ, ಮದ್ದೂರಿಗೆ ಹೋಗೋಣ ಎಂದೆ. ಯಾಕೆ ಎಂದ. ಆ ಪಾಸ್‌ಪೋರ್ಟು ಮನೆಗೆ ಬರುವ ಮೊದಲು ಎಲ್ಲಿತ್ತೋ ಅಲ್ಲಿಗೆ ಎಂದೆ.

ಅದು ಇದ್ದದ್ದು ಯತೀಶ ಎಂಬುವನ ಹತ್ತಿರ. ಮದ್ದೂರಿನ ಬಸ್ ನಿಲ್ದಾಣದ ಬೀದಿಯಲ್ಲಿ ರೆಕ್ಕೆ ಟ್ರಾವೆಲ್ಸ್ ಎಂದು ಬೋರ್ಡು ಹಾಕಿಕೊಂಡು ಟಿಕೆಟು, ವೀಸಾ ಎಲ್ಲ ಮಾಡಿಸಿಕೊಡುವವನು. ರಘುವಿನ ಜೊತೆ ಕಾಲೇಜಿನಲ್ಲಿ ಓದಿದವನು. ಗಗನಳ ವೀಸಾ ಕೆಲಸವನ್ನು ಅವನಿಗೇ ಒಪ್ಪಿಸಿ, ಯುಗಾದಿಗೂ ಮೊದಲೇ ಬುಕ್ಕನ್ನು ಅವನ ಕೈಗೆ ಕೊಟ್ಟಿದ್ದರು.

ದಾರಿಯಲ್ಲಿ ಹಿಂದೆ ಕೂತು, ಗಾಳಿಯಲ್ಲಿ ಕೂಗಿಕೊಂಡೇ ರಘುವನ್ನು ಕೇಳಿದೆ. ಅಜ್ಜಿ ಪೂಜೆ ಮಾಡಿರಬೇಕು ಎಂದು ನಿನಗೆ ಹೇಳಿದ್ದು ಯಾರು? ಯತೀಶನೇ ಹಾಗಂದ, ನಾನೂ ಹೌದಿರಬೇಕು ಅಂದುಕೊಂಡೆ ಅಂದ. ಈ ಕಾಲದ ಹುಡುಗರಿಗೆ ಮಡಿ ಮೈಲಿಗೆ ಎಲ್ಲಿ ನೆನಪಿರುತ್ತದೆ ಎಂದುಕೊಂಡು ನಾನು ಸುಮ್ಮನಾದೆ.

ಯತೀಶನ ಆಫೀಸು ಬೇಕರಿಯೊಂದರ ಮೇಲಿನ ಮಹಡಿಯಲ್ಲಿತ್ತು. ಕಡಿದಾದ ಮೆಟ್ಟಿಲು, ಮೆಟ್ಟಿಲ ಕೊನೆಗೆ ಸುರುಳಿ ಷಟರು. ಷಟರಿನ ಕೊಂಡಿಗೆ ಬೀಗ ಕೀಲಿಸಮೇತ ನೇತಾಡುತ್ತಿತ್ತು. ಒಳಗೆ ಒಂದೇ ಕೋಣೆ, ಕಿಟಕಿಯಿಲ್ಲ. ಎಸಿ ಇದೆ ಎಂದು ಕಿಟಕಿಗೆ ಹಲಗೆ ಬಡಿಸಿ, ಹಲಗೆಯ ಮೇಲೆ ಭೂಪಟ ಅಂಟಿಸಿದ್ದ. ಕರೆಂಟು ಹೋಗಿತ್ತು. ಕೆಳಗಿನ ಬೇಕರಿಯ ಬಿಸಿ ನೆಲದಿಂದ ಮೇಲಕ್ಕೇರುತ್ತಿತ್ತು.

ನನ್ನನ್ನು ಕಂಡದ್ದೇ ಅವನು ಎದ್ದು ನಿಂತು ಕುರ್ಚಿ ಒರೆಸಿದ. ಗಗನಳ ಸಂಗತಿ ಕೇಳಿ ಬಹಳ ನೊಂದುಕೊಂಡೆ ಮೇಡಂ ಅಂದ. ನೊಂದವನು ಬೆಳಿಗ್ಗೆಯಿಂದ ಒಂದು ಸಲವಾದರೂ ಹೊಳಲಿಗೆ ಬಂದಿರಲಿಲ್ಲ.

ರಘುವಿಗೆ ಬಾಗಿಲ ಬಳಿಯೇ ನಿಂತಿರು, ಯಾರನ್ನೂ ಒಳಗೆ ಬಿಡಬೇಡ ಎಂದು ಹೇಳಿ ನಾನು ಕೂತೆ.

ಮೊದಲು ಸುಲಭದ್ದು ಕೇಳಿದೆ. ಗಗನ ಹೊರಟ ದೇಶದ ವೀಸಾ ಹೇಗಿರುತ್ತದೆ ಯತೀಶಪ್ಪ, ಪಾಸ್‌ಪೋರ್ಟಿನೊಳಗೆ ಅಂಟಿಸುತ್ತಾರೋ? ಇಲ್ಲ ಮೇಡಂ, ಈಗೆಲ್ಲ ಆನ್‌ಲೈನು, ಮೊಬೈಲಿಗೇ ಬಂದುಬಿಡುತ್ತದೆ ಎಂದು ಖುಷಿಯಾಗಿ ವಿವರಿಸಿದ. ಅದಕ್ಕೆ ಏನೇನು ಕೊಡಬೇಕು ಎಂದೆ. ಫೋಟೋ, ಪಾಸ್‌ಪೋರ್ಟಿನ ನಕಲು, ಆಸ್ಪತ್ರೆಯವರ ಪತ್ರ ಎಂದ.

"ನಕಲು ಸಾಕು ಅಂದ ಮೇಲೆ ಅಸಲಿ ಬುಕ್ಕು ಯುಗಾದಿಗಿಂತ ಮುಂಚಿಂದ ನಿನ್ನ ಹತ್ರ ಯಾಕಿತ್ತು?"

ಅವನು ಮೇಜಿನ ಮೇಲಿದ್ದ ಕಾಗದಗಳನ್ನು ಜೋಡಿಸತೊಡಗಿದ. ಕೊನೆಗೆ, ಒಂದೊಂದು ಸಲ ಒರಿಜಿನಲ್ ಕೇಳ್ತಾರೆ ಎಂದ. ಯಾರು ಕೇಳ್ತಾರೆ ಎಂದೆ. ಆಫೀಸಿನೋರು ಎಂದ. ಯಾವ ಆಫೀಸು ಎಂದೆ. ನೀರು ಕುಡಿದ.

ನಾನು ಫೋಟೋ ತೆಗೆದು ಅವನ ಮುಂದಿಟ್ಟೆ. ನೋಡುವ ಮೊದಲೇ ಅವನಿಗೆ ಉತ್ತರ ಗೊತ್ತಿತ್ತು.

"ಮನೇಲಿ ಪೂಜೆ ಮಾಡವ್ರೆ ಮೇಡಂ. ಹಳ್ಳಿ ಜನ, ನಾವು ಎಷ್ಟ್ ಹೇಳಿದ್ರೂ ಕೇಳಲ್ಲ."

"ನಿಂಗಯ್ಯ ಸತ್ತು ಆ ಮನೇಲಿ ಮೈಲಿಗೆ ಇತ್ತಲ್ಲಪ್ಪ. ಬುಕ್ಕು ನಿನ್ನಿಂದ ಬಂದದ್ದೂ ಮೈಲಿಗೇಲಿ, ಹುಡುಗಿ ಹೊರಟದ್ದೂ ಮೈಲಿಗೇಲಿ. ಆ ಮನೇಲಿ ಅಷ್ಟೂ ದಿನ ಕುಂಕುಮದ ಭರಣಿ ಮುಚ್ಚಳಾನೇ ತೆಗೆದಿಲ್ಲ."

ಯತೀಶ ಇದನ್ನು ಎಣಿಸಿರಲಿಲ್ಲ. ನಮ್ಮ ಜನ ಎಲ್ಲದಕ್ಕೂ ಕುಂಕುಮ ಹಚ್ಚುತ್ತಾರೆ ಎಂಬುದು ಅವನಿಗೆ ಗೊತ್ತಿತ್ತು. ಯಾವಾಗ ಹಚ್ಚುವುದಿಲ್ಲ ಎಂಬುದು ಮರೆತಿತ್ತು. ಅವನು ತಲೆಯೆತ್ತಿ ಬಾಗಿಲ ಕಡೆ, ರಘುವಿನ ಕಡೆ ನೋಡಿದ. ಟೋಪಿಯೊಳಗಿನ ಬೋಳು ತಲೆಯನ್ನು ಈಗ ಗಮನಿಸುತ್ತಿದ್ದಾನೆ ಎಂದುಕೊಂಡೆ.

ಆಮೇಲೆ ನಾನು ಬಿಡಲಿಲ್ಲ. ಅಲ್ಲಿಯ ಅಧಿಕಾರಿಗಳು ಹಾಳೆ ಬಿಟ್ಟು ಕಂಪ್ಯೂಟರ್ ನೋಡುತ್ತಿದ್ದಾರೆ, ಅಂದರೆ ಆ ಪಾಸ್‌ಪೋರ್ಟು ಅಲ್ಲಿಗೆ ಈಗಾಗಲೇ ಒಂದು ಸಲ ಹೋಗಿದೆ. ಗಗನ ಹೋಗಿಲ್ಲ. ಹಾಗಾದರೆ ಅದನ್ನು ಹಿಡಿದು ಹೋದವರು ಯಾರು? ಹೋದಾಗ ಬಿದ್ದ ಮುದ್ರೆಯನ್ನು ಯಾವುದೋ ಔಷಧಿ ಹಾಕಿ ತೊಳೆದು, ತೊಳೆದ ಕಲೆ ಕಾಣದಿರಲಿ ಎಂದು ಕುಂಕುಮ ಮೆತ್ತಿದವನು ನೀನು. ಸಿಕ್ಕಿಬಿದ್ದರೆ ತಪ್ಪು ಮುದುಕಿಯ ತಲೆಗೆ ಹೋಗಲಿ ಎಂದು. ಹೌದೋ ಅಲ್ಲವೋ?

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ಯತೀಶ ತನ್ನ ಬಲಗೈಯ ಬೆರಳುಗಳನ್ನು ಪ್ಯಾಂಟಿಗೆ ಒರೆಸಿಕೊಂಡ.

"ತಿಂಗಳೊಪ್ಪತ್ತಿಗೆ ಅಂತ ಕೊಟ್ಟಿದ್ದೆ ಮೇಡಂ" ಅಂದ. "ಒಬ್ಳು ಹುಡುಗಿ. ನೋಡಕ್ಕೆ ಗಗನನ ತರಾನೇ ಇದ್ಲು, ಅಕ್ಕತಂಗೀರು ಅನ್ಬೇಕು ಅಂಗೆ. ಅವ್ಳ ಮೇಲೆ ಒಂದು ಕೇಸಿತ್ತು, ಸ್ವಂತದ ಪಾಸ್‌ಪೋರ್ಟು ಸಿಗೋ ಅಂಗಿರ್ಲಿಲ್ಲ."

ಉಳಿದದ್ದನ್ನು ತುಂಡುತುಂಡಾಗಿ ಹೇಳಿದ. ಬೆಂಗಳೂರಿನಿಂದ ಹೋದರೆ ಇಲ್ಲಿಯ ಕಂಪ್ಯೂಟರಿನಲ್ಲಿ ದಾಖಲಾಗುತ್ತದೆಂದು ರಸ್ತೆಯಲ್ಲಿ ನೇಪಾಳಕ್ಕೆ ಕಳಿಸಿ, ಅಲ್ಲಿಂದ ವಿಮಾನ ಹತ್ತಿಸಿದ್ದರು. ಹೊರಟ ಮುದ್ರೆ ಒಂದು, ಇಳಿದ ಮುದ್ರೆ ಒಂದು. ಪ್ರವಾಸಿ ವೀಸಾದಲ್ಲಿ ಹೋದವಳು ಅದು ಮುಗಿಯುವುದರೊಳಗೆ ಅದೇ ಬುಕ್ಕು ಹಿಡಿದು ವಾಪಸು ಬರಬೇಕಿತ್ತು. ಅವಳು ಬರಲಿಲ್ಲ. ಬುಕ್ಕು ಮಾತ್ರ ಯಾರದೋ ಕೈಯಲ್ಲಿ ಬಂತು. ಅಷ್ಟರಲ್ಲಿ ಗಗನಳ ಟಿಕೆಟು ಆಗಿಹೋಗಿತ್ತು.

"ಗೊತ್ತಿದ್ದೂ ಅದೇ ದೇಶದ ಮೇಲೆ ಹಾಯಿಸಿ ಕಳಿಸಿದೆಯಲ್ಲೋ" ಎಂದೆ.

"ಬರೀ ವಿಮಾನ ಬದಲಾಯ್ಸೋದು ಮೇಡಂ. ಒಳಗೇ ಇದ್ರೆ ಪಾಸ್‌ಪೋರ್ಟ್ ಯಾರೂ ಕಂಪ್ಯೂಟರ್‌ಗೆ ಹಾಕಲ್ಲ. ವಿಮಾನ ತಡ ಆಗುತ್ತೆ, ಹೋಟ್ಲು ಕೊಡ್ತಾರೆ ಅಂತ ನಂಗೇನು ಕನಸು ಬಿದ್ದಿತ್ತಾ?"

ನನಗೆ ಕೈ ಎತ್ತಬೇಕೆನಿಸಿತು, ಸರ್ವೀಸಿನಲ್ಲಿದ್ದಿದ್ದರೆ ಎತ್ತಿಯೂ ಬಿಡುತ್ತಿದ್ದೆ. ಆ ಹುಡುಗಿ ಹುಟ್ಟಿ ಬೆಳೆದು ಓದಿ ದುಡಿದು ಸಂಪಾದಿಸಿದ್ದ ಒಂದು ಹೆಸರನ್ನು ಇವನು ಬಾಡಿಗೆ ಸೈಕಲ್ಲಿನ ಹಾಗೆ ಕೊಟ್ಟು ಕಳಿಸಿದ್ದ.

ಆದರೂ ಒಳಗೊಳಗೇ ಒಂದು ಸಮಾಧಾನವಾಯಿತು. ಇದೇ ಮಾತನ್ನು ಇವನ ಬಾಯಿಂದ ಹೇಳಿಸಿ, ಸಹಿ ಹಾಕಿಸಿ, ನಮ್ಮ ರಾಯಭಾರ ಕಚೇರಿಯವರಿಗೆ ಕಳಿಸಿದರೆ ಗಗನ ಬಚಾವು. ಅವಳು ಕಳ್ಳಿಯಲ್ಲ, ಕಳವಾದದ್ದು ಅವಳದು ಎಂದು ಅವರಿಗೆ ಗೊತ್ತಾಗುತ್ತದೆ. ಸಾಯಂಕಾಲಕ್ಕೆ ಇನ್ನೂ ಹೊತ್ತಿತ್ತು.

ನನ್ನ ಫೋನಿನ ತುಂಬ ಮೊಮ್ಮಗಳ ಫೋಟೋಗಳು, ಇನ್ನೊಂದು ವಿಡಿಯೋಗೆ ಜಾಗವಿಲ್ಲ. ರಘುವನ್ನು ಕರೆದು ನಿನ್ನ ಫೋನಿನಲ್ಲಿ ತೆಗಿ ಎಂದೆ. ಅವನು ಬಂದು ನಿಂತು, ಯತೀಶನ ಮುಖಕ್ಕೆ ಫೋನು ಹಿಡಿದು ಎಲ್ಲವನ್ನೂ ತೆಗೆದುಕೊಂಡ. ಯತೀಶ ಕ್ಯಾಮೆರಾ ನೋಡದೆ ನೆಲ ನೋಡುತ್ತ ಮೊದಲಿನಿಂದ ಹೇಳಿದ. ಒಂದೇ ಒಂದು ಪ್ರಶ್ನೆ ಉಳಿಯಿತು.

"ಆ ಹುಡುಗೀನ ನಿನ್ನ ಹತ್ರ ಕ‌ರ್ಕೊಂಡು ಬಂದವರು ಯಾರು?"

ಅವನು ಮತ್ತೆ ನೀರಿನ ಲೋಟ ಎತ್ತಿಕೊಂಡ. ಮತ್ತೆ ಕೇಳಿದೆ.

"ಅದೊಂದು ಕೇಳ್ಬೇಡಿ ಮೇಡಂ. ಬಾಕಿ ಎಲ್ಲಾನೂ ಬರ್ಕೊಟ್ಟು ಜೈಲಿಗೆ ಬೇಕಾದ್ರೂ ಹೋಗ್ತೀನಿ. ಅದು ಹೇಳಿದ್ರೆ ಒಂದು ಮನೆ ಮುರ್ದೋಗುತ್ತೆ."

ಯಾರೋ ದೊಡ್ಡ ಕುಳ ಇವನನ್ನು ಹೆದರಿಸಿಟ್ಟಿದ್ದಾನೆ ಎಂದು ನನಗನ್ನಿಸಿತು. ಅದನ್ನು ಬಿಡಿಸುವುದು ಹೇಗೆಂದು ಯೋಚಿಸುತ್ತಿರುವಾಗಲೇ ನನ್ನ ಫೋನು ಹೊಡೆದುಕೊಂಡಿತು.

ಗಗನ. ಈ ಸಲ ಅವಳ ದನಿ ಬೇರೆಯಾಗಿತ್ತು. ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡುತ್ತಿದ್ದಳು. ಷಟರಿನಾಚೆ ಬಸ್ಸುಗಳ ಹಾರನ್ನಿನ ಗದ್ದಲದಲ್ಲಿ ಏನೂ ಕೇಳಿಸದೆ ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟೆ.

"ದೊಡ್ಡಮ್ಮ, ಇನ್ನೊಬ್ಳು ಹುಡ್ಗೀನ ಕರ್ಕೊಂಡು ಬಂದವ್ರೆ. ನನ್ ಎದುರು ಬೆಂಚಲ್ಲೇ ಕೂರ್ಸವ್ರೆ. ಹೆಸ್ರು ಕೇಳಿದ್ರೆ ಗಗನ ಅಂತಾಳೆ. ಊರು ಹೊಳಲು ಅಂತಾಳೆ."

ಯತೀಶ ಕಣ್ಣು ಮುಚ್ಚಿಕೊಂಡ.

ನಾನು ಹೆದರಬೇಡ ಮಗ, ನಮಗೆ ಎಲ್ಲ ಗೊತ್ತಾಗಿದೆ, ಸಾಕ್ಷಿಯೂ ಕೈಯಲ್ಲಿದೆ ಎಂದೆ. ಅವಳು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಆ ಹುಡುಗಿ ಮೊದಲು ಬಂದಾಗ ಅವಳ ಕಣ್ಣಿನ ಗುರುತನ್ನು ಯಂತ್ರದಲ್ಲಿ ತೆಗೆದಿಟ್ಟುಕೊಂಡಿದ್ದರಂತೆ. ಈಗ ಇಬ್ಬರ ಕಣ್ಣನ್ನೂ ಹಿಡಿದು ನೋಡಿದರಂತೆ. ಅವಳದು ಹೊಂದಿತು, ಇವಳದು ಹೊಂದಲಿಲ್ಲ. ಆ ದೇಶದ ಕಂಪ್ಯೂಟರಿನ ಪ್ರಕಾರ ಹೊಳಲಿನ ಗಗನ ಎಂದರೆ ಅವಳೇ.

"ಅಪ್ಪನ ಹೆಸ್ರು ಕೇಳಿದ್ರು, ಸರಿಯಾಗಿ ಹೇಳಿದ್ಲು. ಅಮ್ಮನ ಊರು ಬಂಡೂರು ಅಂದ್ಲು. ನಾನು ಓದಿದ ಸ್ಕೂಲು, ನಮ್ಮನೆ ಮುಂದಿನ ಹೊಂಗೆಮರ, ಎಲ್ಲಾ ಹೇಳಿದ್ಲು ದೊಡ್ಡಮ್ಮ. ಮನೇಲಿ ನಿನ್ನ ಏನಂತ ಕರೀತಾರೆ ಅಂತ ಕೇಳಿದ್ರು." ಅವಳು ದನಿ ಇನ್ನೂ ತಗ್ಗಿಸಿದಳು. "ಬೆಲ್ಲದಚ್ಚು ಅಂದ್ಬಿಟ್ಲು. ನಾನು ಹೇಳಕ್ಕೆ ಮುಂಚೇನೆ ಅಂದ್ಬಿಟ್ಲು."

ನಾನು ಫೋನನ್ನು ಹತ್ತಿರಕ್ಕೆ ಎಳೆದುಕೊಂಡೆ.

"ಇಬ್ರಲ್ಲಿ ಒಬ್ಳನ್ನ ಇವತ್ತು ಊರಿಗೆ ಕಳಿಸ್ತಾರಂತೆ. ಇನ್ನೊಬ್ಳನ್ನ ಕೋರ್ಟಿಗೆ ಒಯ್ತಾರಂತೆ. ಅವ್ಳಿಗೆ ಬುಕ್ಕು ತೋರ್ಸಿ ಇದು ನಿಂದೇನಾ ಅಂತ ಕೇಳ್ತಾವ್ರೆ."

ಆ ಹೆಸರು ಯತೀಶನಿಗೆ ಗೊತ್ತಿರಲು ಸಾಧ್ಯವಿಲ್ಲ. ಊರಿನವರಿಗೆ ಗೊತ್ತಿಲ್ಲ, ನೆಂಟರಿಗೆ ಗೊತ್ತಿಲ್ಲ. ಬೆಳಿಗ್ಗೆಯವರೆಗೆ ನನಗೇ ಗೊತ್ತಿರಲಿಲ್ಲ. ದೃಷ್ಟಿಯಾಗುತ್ತದೆಂದು ಸೆರಗಿನಲ್ಲಿ ಮುಚ್ಚಿಟ್ಟ ಆ ಹೆಸರನ್ನು ಮನೆಯೊಳಗಿನವರೊಬ್ಬರು ತೆಗೆದು ಆ ಹುಡುಗಿಗೆ ಕಲಿಸಿದ್ದಾರೆ. ಆ ಮನೆಯಲ್ಲಿ ಇರುವವರೇ ಮೂವರು. ಒಬ್ಬಳು ಬೆಂಚಿನ ಮೇಲೆ ಕೂತಿದ್ದಾಳೆ, ಒಬ್ಬರು ಒಲೆಯ ಪಕ್ಕ ಉಪವಾಸ ಕೂತಿದ್ದಾರೆ.

ಆಗ ನನಗೆ ಆ ಟೋಪಿ ನೆನಪಾಯಿತು.

ಈ ಕಾಲದ ಹುಡುಗರಿಗೆ ಮೈಲಿಗೆ ನೆನಪಿರುವುದಿಲ್ಲ ಎಂದುಕೊಂಡಿದ್ದೆ. ಚಿಕ್ಕತಾತನಿಗೆ ಮಗನ ಸ್ಥಾನದಲ್ಲಿ ನಿಂತು ಮಣ್ಣು ಹಾಕಿದವನಿಗೆ, ಹಣೆಗೆ ಏನೂ ಇಡದೆ ದಿನ ಕಳೆದವನಿಗೆ, ಮೊನ್ನೆ ತಾನೇ ತಲೆ ಬೋಳಿಸಿಕೊಂಡವನಿಗೆ ಅದು ಹೇಗೆ ಮರೆತೀತು? ಅಜ್ಜಿ ಕುಂಕುಮ ಹಚ್ಚಿರಲಾರಳು ಎಂದು ಈ ಭೂಮಿಯ ಮೇಲೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವನು ಅವನೇ. ಗೊತ್ತಿದ್ದೂ ಊರಿಗೆಲ್ಲ ಹಾಗೆಂದು ಸಾರಿದವನೂ ಅವನೇ.

ನಾನು ತಿರುಗಿದೆ. ರಘು ಬಾಗಿಲ ಬಳಿ ಇದ್ದ, ಹೊಸ್ತಿಲಿನಿಂದ ಆಚೆಗೆ. ಸಾಕ್ಷಿ ತುಂಬಿದ ಫೋನು ಅವನ ಅಂಗಿ ಜೇಬಿನಲ್ಲಿತ್ತು. ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ. ಬೋಳು ತಲೆಯಿಂದ ಬೆವರು ಕಿವಿಯ ಮೇಲೆ ಇಳಿಯುತ್ತಿತ್ತು. ಓಡುವವನ ಮುಖವಲ್ಲ ಅದು. ಎರಡು ಕಡೆ ಹಗ್ಗ ಕಟ್ಟಿ ಎಳೆಯುತ್ತಿರುವ ಕರುವಿನ ಹಾಗಿದ್ದ.

"ರಘು, ಫೋನ್ ಕೊಡು" ಎಂದೆ.

ಅವನು ಕೊಡಲಿಲ್ಲ. ಕೈ ಮೇಲೆತ್ತಿ ಷಟರನ್ನು ಎಳೆದ. ಅರ್ಧ ಇಳಿದಾಗ ನಾನು ಕುರ್ಚಿಯಿಂದ ಎದ್ದೆ, ಬಾಗಿಲು ಮುಟ್ಟುವಷ್ಟರಲ್ಲಿ ಅದು ನೆಲ ಮುಟ್ಟಿತ್ತು. ಕೋಣೆ ಪೂರ್ತಿ ಕತ್ತಲಾಯಿತು. ಹೊರಗೆ ಕೊಂಡಿಗೆ ಬೀಗ ಬಿದ್ದು ಕೀಲಿ ತಿರುಗಿದ್ದು ಕೇಳಿಸಿತು. ಕೈಯಾಡಿಸಿದೆ. ಒಳಗಡೆಯಿಂದ ಹಿಡಿಯಲು ಏನೂ ಇರಲಿಲ್ಲ.

ತಗಡಿನಾಚೆಯಿಂದ ಅವನು ಮಾತಾಡಿದ. ಜೋರಾಗಿ ಅಲ್ಲ, ಆದರೂ ಒಂದೊಂದು ಅಕ್ಷರವೂ ಒಳಗೆ ಬಂತು.

"ತಪ್ಪು ತಿಳ್ಕೋಬೇಡಿ ದೊಡ್ಡಮ್ಮ. ಸಾಯಂಕಾಲದ ತನಕ ಇಲ್ಲೇ ಇರಿ. ಇಬ್ರಲ್ಲಿ ಒಬ್ಳನ್ನೇ ಕಳಿಸೋದು ಅಂದ್ರೆ, ಮೊದ್ಲು ಅವ್ಳು ಬರ್ಲಿ, ನಾನು ಕಟ್ಕೋಬೇಕು ಅಂತಿರೋಳು ಅವ್ಳು. ಗಗನನ್ನ ಆಮೇಲೆ ನಾನು ಹೆಂಗಾದ್ರೂ ಬಿಡಿಸ್ಕೊಂಡು ಬತ್ತೀನಿ."

ಮೆಟ್ಟಿಲಿಳಿದು ಹೋಗುವ ಸದ್ದು ಕೇಳಿಸಿತು. ಕತ್ತಲಲ್ಲಿ ಯತೀಶ ಎಲ್ಲೋ ಮೂಗು ಒರೆಸಿಕೊಳ್ಳುತ್ತಿದ್ದ. ಮೇಜಿನ ಮೇಲೆ ನನ್ನ ಫೋನು ಇನ್ನೂ ಬೆಳಗುತ್ತಿತ್ತು. ಅದರೊಳಗೆ ಯಾರೋ ಉಸಿರಾಡುತ್ತಿದ್ದರು.

"ದೊಡ್ಡಮ್ಮ" ಅಂದಳು ಗಗನ. "ಅದು ನಮ್ಮಣ್ಣನ ದನಿ ಅಲ್ವಾ?"